ಬೆಳಕನ್ನು ನುಂಗಿದ ಪುಡಿ

1603ರ ಸುಮಾರಿಗೆ ಇಟಲಿಯ ಬೊಲೋನ್ಯಾ ನಗರದಲ್ಲಿ ವಿಂಚೆಂಜೊ ಕಾಸ್ಕಾರಿಯೋಲೊ ಎಂಬುವನಿದ್ದನು. ಕಸುಬು ಪಾದರಕ್ಷೆ ಹೊಲಿಯುವುದು, ಹಂಬಲ ರಸವಿದ್ಯೆಯದು. ಸಮೀಪದ ಪಡೆರ್ನೊ ಬೆಟ್ಟದಲ್ಲಿ ದೊರೆತ ಭಾರವಾದ ಕಲ್ಲಿನಲ್ಲಿ ಚಿನ್ನ ಅಡಗಿರಬಹುದೆಂಬ ಆಸೆಯಿಂದ ಆತನು ಅದನ್ನು ಇದ್ದಲಿನೊಡನೆ ಕಾಯಿಸಿದನು. ಚಿನ್ನ ಬರಲಿಲ್ಲ. ಆದರೆ ಬಿಸಿಲಿಗೊಡ್ಡಿ ಕತ್ತಲೆಗೆ ತಂದಾಗ ಆ ಕಲ್ಲು ಆರುತ್ತಿರುವ ಕೆಂಡದಂತೆ ಮಿನುಗಿತು! ಬೇರಿಯಂ ಸಲ್ಫೇಟ್ ಎಂಬ ಲವಣವು ಇದ್ದಲಿನ ಕಾವಿನಲ್ಲಿ ಬೇರಿಯಂ ಸಲ್ಫೈಡ್ ಆಗಿ ಮಾರ್ಪಟ್ಟಿತ್ತು. ಯುರೋಪಿನ ವಿದ್ವಾಂಸರೆಲ್ಲ ಬೆರಗಾದರು. ಆದರೆ ಎಲ್ಲರಿಗೂ ಆ ಬೆಟ್ಟದ ಕಲ್ಲು ಎಲ್ಲಿಂದ ಬರಬೇಕು?

ಈ ತೊಡಕನ್ನು ನೀಗಿದವನು ಲಂಡನ್ನಿನ ಒಬ್ಬ ಉಪಾಧ್ಯಾಯ, ಜಾನ್ ಕ್ಯಾಂಟನ್ (1718–1772). ಈತನು ನೇಕಾರನ ಮಗ. ಸ್ಪಿಟಲ್ ಚೌಕದ ಶಾಲೆಯಲ್ಲಿ ಪಾಠ ಹೇಳುತ್ತ, ಬಿಡುವಿನಲ್ಲಿ ಪ್ರಯೋಗ ನಡೆಸುತ್ತಿದ್ದನು. ಮೋಡಗಳಲ್ಲಿ ವಿದ್ಯುತ್ತಿದೆಯೆಂಬ ಫ್ರಾಂಕ್ಲಿನ್ನನ ಊಹೆಯನ್ನು 1752ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಪರೀಕ್ಷಿಸಿ ನಿಜವೆಂದು ಕಂಡವನು ಈತನೇ.

1768ರಲ್ಲಿ ಕ್ಯಾಂಟನ್ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ತನ್ನ ವಿಧಾನವನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿದನು. ಬೇಕಾದುದು ಸಿಂಪಿಯ ಚಿಪ್ಪು ಮತ್ತು ಗಂಧಕ, ಇಷ್ಟೇ. ಚಿಪ್ಪೆಂದರೆ ಕ್ಯಾಲ್ಸಿಯಂ ಕಾರ್ಬೋನೇಟ್ ಎಂಬ ಲವಣ. ಅದನ್ನು ಸುಟ್ಟರೆ ಸುಣ್ಣ. ನಮ್ಮ ಕರಾವಳಿಯವರಿಗೆ ಇದು ಹೊಸ ಮಾತಲ್ಲ. ಹೀಗೆ ಸುಟ್ಟು ಜರಡಿ ಹಿಡಿದ ಪುಡಿ ಮೂರು ಪಾಲು, ಗಂಧಕದ ಪುಡಿ ಒಂದು ಪಾಲು ಬೆರೆಸಿ, ಮೂಸೆಯಲ್ಲಿ ಅದುಮಿ ತುಂಬಿ, ಒಂದು ಗಂಟೆಗೆ ಕಡಿಮೆಯಿಲ್ಲದಂತೆ ಕೆಂಪಗೆ ಕಾಯಿಸಬೇಕು. ಆಗ ದೊರೆಯುವ ಬಿಳಿಯ ಪುಡಿಯಲ್ಲಿ ಮುಖ್ಯವಾಗಿರುವುದು ಕ್ಯಾಲ್ಸಿಯಂ ಸಲ್ಫೈಡ್. (ಬಾಲಕರು ಇದನ್ನು ಮನೆಯಲ್ಲಿ ಮಾಡಹೊರಡಬಾರದು. ಉರಿಯುವ ಗಂಧಕದ ಹೊಗೆ ಶ್ವಾಸಕೋಶಕ್ಕೆ ಅಪಾಯಕರ. ಸಲ್ಫೈಡಿಗೆ ಆಮ್ಲ ತಗುಲಿದರೆ ಹೊರಡುವ ಅನಿಲವಂತೂ ಕಡುವಿಷ.)

ಕ್ಯಾಂಟನ್ ಬೆರಗಿಗೆ ತೃಪ್ತನಾಗಿ ಕೂರಲಿಲ್ಲ. ಈ ಪುಡಿ ನಿಧಾನವಾಗಿ ಉರಿಯುತ್ತಿದೆಯೇ, ಅಥವಾ ಹೊರಗಿನ ಬೆಳಕನ್ನೇ ಕೂಡಿಟ್ಟುಕೊಂಡು ಮರಳಿ ಕೊಡುತ್ತಿದೆಯೇ? ಗಾಜಿನ ನಳಿಗೆಯಲ್ಲಿ ಪುಡಿಯನ್ನಿಟ್ಟು ಬಾಯಿಯನ್ನು ಬೆಸೆದನು. ಕತ್ತಲೆಯಲ್ಲಿ ಹೊಳಪು ಪೂರ್ಣ ಆರಿದ ಮೇಲೆ ನಳಿಗೆಯನ್ನು ಕುದಿಯುವ ನೀರಿಗೆ ಇಳಿಸಲು, ಪುಡಿ ಮತ್ತೆ ಬೆಳಗಿತು! ಆ ಕಾವಿಗೆ ಹೊಳಪು ಮುಗಿದ ಬಳಿಕ ಅದೇ ಕಾವಿಗೆ ಪುನಃ ಬೆಳಗಲಿಲ್ಲ. ಮೊದಲು ಬೆಳಕಿಗೆ ಒಡ್ಡಲೇಬೇಕಾಯಿತು. ಪುಡಿಯು ಬೆಳಕಿನಿಂದ ಪಡೆದುದನ್ನೇ ಹಿಡಿದಿಟ್ಟುಕೊಳ್ಳುತ್ತದೆ, ಕಾವು ಅದನ್ನು ಹೊರದೂಡುತ್ತದೆ ಎಂದು ಇದರಿಂದ ತಿಳಿಯಿತು. ಬೆಳಕು ಸೂಕ್ಷ್ಮ ಕಣಗಳ ರೂಪದಲ್ಲಿಯೇ ಪುಡಿಯೊಳಗೆ ಸೇರುತ್ತದೆಂದು ಆತನು ಭಾವಿಸಿದನು. ಆ ವಿವರಣೆ ಉಳಿಯಲಿಲ್ಲ. ಹಿಡಿದಿಡಲ್ಪಡುವುದು ಬೆಳಕಿನ ಕಣವಲ್ಲ, ಅದರಿಂದ ಶಕ್ತಿ ಪಡೆದ ಎಲೆಕ್ಟ್ರಾನು ಎಂದು ಇಂದು ಬಲ್ಲೆವು. ಪ್ರಯೋಗ ಮಾತ್ರ ಇಂದಿಗೂ ಸರಿಯೇ.

ಇನ್ನೊಂದು ಸಂಗತಿಯನ್ನೂ ಆತನು ಪ್ರಾಮಾಣಿಕವಾಗಿ ಬರೆದಿಟ್ಟನು. ಮೂಸೆಯಿಂದ ತೆಗೆದ ಗಟ್ಟಿಯ ಎಲ್ಲ ಭಾಗವೂ ಸಮನಾಗಿ ಹೊಳೆಯದು. ಪರೀಕ್ಷಿಸಿ ಹೆಚ್ಚು ಹೊಳೆಯುವುದನ್ನು ಕೆರೆದುಕೊಳ್ಳಬೇಕು ಎಂದನು. ಕಾರಣ ತಿಳಿಯಲು ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಹೊಳಪಿಗೆ ಸಲ್ಫೈಡ್ ಒಂದೇ ಸಾಲದು. ಬಿಸ್ಮತ್, ತಾಮ್ರದಂತಹ ಬೇರೊಂದು ಲೋಹದ ಅತ್ಯಲ್ಪ ಅಂಶ ಅದರಲ್ಲಿ ಬೆರೆತಿರಬೇಕು. ಕ್ಯಾಂಟನ್ನನ ಚಿಪ್ಪಿನಲ್ಲೋ ಗಂಧಕದಲ್ಲೋ ಅಂತಹ ಕಲ್ಮಷ, ಆತನಿಗೆ ಅರಿವಿಲ್ಲದೆಯೇ, ಸೇರಿಕೊಂಡಿದ್ದಿತು.