ಟೇಪು ಹಿಡಿದು ಜಮಾಬಂದಿ ಮಾಡು

ತಮ್ಮಾ, ಜಮಖಂಡಿ ತಾಲ್ಲೂಕಿಗೆ ಪಿಡಿಒ ಆಗಿ ಬರುತ್ತಿದ್ದೀ ಎಂದು ಕೇಳಿ ಖುಷಿಯಾಯಿತು. ತರಬೇತಿಯಲ್ಲಿ ನಾಯಕತ್ವ, ನಾವೀನ್ಯ, ಉತ್ತಮ ಆಡಳಿತ ಎಂದೆಲ್ಲ ಕೇಳಿ ಕಿವಿ ತುಂಬಿರಬೇಕು. ಅದರ ಜೊತೆಗೆ ಒಂದು ದಿನ ಬಿಡುವು ಮಾಡಿಕೊಂಡು ಚಿಕ್ಕಪಡಸಲಗಿಗೆ ಹೋಗಿ ಕೃಷ್ಣಾ ದಂಡೆಯ ಮೇಲೆ ನಿಂತು ಬಾ.

ಬೇಸಿಗೆ ಬಂತೆಂದರೆ ಹೊಳೆ ಬತ್ತಿ ದಂಡೆಯ ಬೆಳೆಯೇ ಒಣಗುತ್ತಿದ್ದ ಕಾಲವದು. ಸರ್ಕಾರ ಕಟ್ಟೀತೆಂದು ಕಾದು ಸಾಕಾದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಸಂಘ ಕಟ್ಟಿಕೊಂಡು, ರೊಕ್ಕ ಹಾಕಿ, ಮೈಮುರಿದು ದುಡಿದು 1989ರಲ್ಲಿ ಬ್ಯಾರೇಜು ನಿಲ್ಲಿಸಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಾಯಿತು. ಎರಡೇ ವರ್ಷಕ್ಕೆ, 1991ರಲ್ಲಿ, ನ್ಯಾಮಗೌಡರು ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿ ಲೋಕಸಭೆಗೆ ಹೋದರು. ಕಟ್ಟೆಯ ಮೇಲೆ ಕೂತವರು ಈಗಲೂ ಆ ಚುನಾವಣೆಯ ಕತೆಯನ್ನೇ ರಸವತ್ತಾಗಿ ಹೇಳುತ್ತಾರೆ. ನೀನು ಅದನ್ನು ಬಿಟ್ಟು ಬೇರೊಂದು ಪ್ರಶ್ನೆ ಕೇಳು: ಕರ ಕೊಡಲು ಹತ್ತು ನೆಪ ಹೇಳುವ ರೈತ ಇದಕ್ಕೆ ಮಾತ್ರ ಗಂಟು ಬಿಚ್ಚಿದ್ದು ಯಾಕೆ? ಕೊಟ್ಟ ರೊಕ್ಕ ಕಣ್ಣೆದುರಿಗೇ ಕಲ್ಲು, ಸಿಮೆಂಟು ಆಗುತ್ತಿತ್ತು. ನೀರು ಬಂದರೆ ಅವನ ಹೊಲಕ್ಕೇ ಬರುತ್ತಿತ್ತು. ಅಷ್ಟೇ ಗುಟ್ಟು.

ಕಟ್ಟಿದ ಮೇಲೂ ಅವರು ಕೈತೊಳೆದುಕೊಳ್ಳಲಿಲ್ಲ. ಆಲಮಟ್ಟಿಯ ಹಿನ್ನೀರನ್ನು ಪಂಪಿನಿಂದ ಎತ್ತಿ ಬ್ಯಾರೇಜು ತುಂಬಿಸಿಕೊಂಡರು. ಉದ್ಘಾಟನೆಯ ಕಲ್ಲು ನೆಟ್ಟು ಹೋಗುವವರಿಗೆ ಈ ಭಾಗ ಅರ್ಥವಾಗುವುದಿಲ್ಲ.

ಕೊಟ್ಟ ರೊಕ್ಕ ಏನಾಯಿತೆಂದು ಜನರ ಕಣ್ಣೆದುರಿಗೇ ತೋರಿಸಲು ನಿನ್ನ ಪಂಚಾಯ್ತಿಯಲ್ಲೂ ವರ್ಷಕ್ಕೊಮ್ಮೆ ಜಮಾಬಂದಿ ಇದೆ. ಬಹಳ ಕಡೆ ಅದು ನಾಲ್ಕು ಸಹಿ, ಒಂದು ಫೋಟೊ, ಚಹಾ-ಚೂಡಾದಲ್ಲಿ ಮುಗಿಯುತ್ತದೆ. ನೀನು ಟೇಪು ಹಿಡಿದು ಗಟಾರದ ಹತ್ತಿರವೇ ಹೋಗು. ಅಳತೆ ಪುಸ್ತಕದಲ್ಲಿ ಬರೆದ ಉದ್ದ, ಅಗಲ, ಆಳವನ್ನು ಗಟ್ಟಿಯಾಗಿ ಓದು. ಟೇಪಿನ ಇನ್ನೊಂದು ತುದಿಯನ್ನು ಆ ಓಣಿಯ ಹೆಣ್ಣುಮಗಳ ಕೈಗೆ ಕೊಡು. ಕಡಿಮೆ ಬಿದ್ದರೆ ಅಲ್ಲೇ ಬರೆದುಕೋ. ಗುತ್ತಿಗೆದಾರ ಮುನಿಸಿಕೊಳ್ಳುತ್ತಾನೆ, ಒಬ್ಬಿಬ್ಬರು ಸದಸ್ಯರೂ ಮುಖ ತಿರುಗಿಸುತ್ತಾರೆ, ತಿರುಗಿಸಲಿ. ಇದಕ್ಕೆ ಹೊಸ ಆ್ಯಪೂ ಬೇಡ, ಹೊಸ ಆದೇಶವೂ ಬೇಡ.

ಸಣ್ಣ ಹುದ್ದೆ ಎಂದು ಮಾತ್ರ ಅಂದುಕೊಳ್ಳಬೇಡ. ಸಾವಳಗಿಯ ಬಿ.ಡಿ. ಜತ್ತಿಯವರು ಜಮಖಂಡಿ ಪುರಸಭೆಯಿಂದ ಶುರುಮಾಡಿ ದೇಶದ ಉಪರಾಷ್ಟ್ರಪತಿಯಾದವರು. ಗ್ರಾಮ ಪಂಚಾಯ್ತಿಗಳ 1959ರ ಮೈಸೂರು ಕಾಯ್ದೆ ಬಂದದ್ದೂ ಅವರು ಮುಖ್ಯಮಂತ್ರಿಯಾಗಿದ್ದಾಗಲೇ.

ಮುಂದೆ ಮುಧೋಳಕ್ಕೋ ಬೀಳಗಿಗೋ ವರ್ಗವಾದೀತು. ಬೀಳಗಿಯಲ್ಲಿ ಹಿನ್ನೀರಿಗೆ ಊರು ಕಳಕೊಂಡವರು ಬರುತ್ತಾರೆ. ಅವರಿಗೆ ಉತಾರದಲ್ಲಿನ ಒಂದು ಅಕ್ಷರ ತಪ್ಪಿದರೂ ವರ್ಷಗಟ್ಟಲೆ ಅಲೆದಾಟ. ರಬಕವಿ-ಬನಹಟ್ಟಿ ಕಡೆಯ ನೇಕಾರ ಮಗ್ಗ ನಿಲ್ಲಿಸಿ ಬಂದರೆ ಆ ದಿನದ ಕೂಲಿ ಹೋದಂತೆ. ಅಂಥವರಿಗೆ 'ನಾಳೆ ಬಾ' ಎನ್ನಬೇಡ. 'ಸಕಾಲ' ಯೋಜನೆಯ 15 ಅಂಕಿಯ ಸ್ವೀಕೃತಿ ಸಂಖ್ಯೆಯನ್ನು ಅವರು ಕೇಳುವ ಮೊದಲೇ ಬರೆದುಕೊಡು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಪರಿಹಾರ ಕೇಳುವ ಹಕ್ಕು ಅವರಿಗಿದೆ ಎಂಬುದನ್ನೂ ನೀನೇ ಹೇಳು.

ಚಾರ್ಜು ತೆಗೆದುಕೊಂಡ ಮೊದಲ ವಾರದಲ್ಲೇ ಹೋದ ವರ್ಷದ ಜಮಾ-ಖರ್ಚನ್ನು ದೊಡ್ಡ ಅಕ್ಷರದಲ್ಲಿ ಪಂಚಾಯ್ತಿಯ ಹೊರಗೋಡೆಗೆ ಬರೆಸು, ತಮ್ಮಾ.