ಹಗೇವಿಗೆ ಇಳಿಯೋ ಮುಂಚೆ ದೀಪ ಬಿಡು

ಮೊನ್ನೆ ರಾತ್ರಿ ಹತ್ತೂವರೆಗೆ ಇಂಡಿಯಿಂದ ಫೋನ್ ಮಾಡಿದೆಯಲ್ಲ, ನಿನ್ನ ದನಿ ಕೇಳಿ ಬಣವಿಗೆ ಬೆಂಕಿ ಬಿತ್ತೇನೋ ಅಂದುಕೊಂಡೆ. "ಅಜ್ಜಾ, ಎಲ್ಲಾ ಹೋತು" ಅಂದೆ. ಏನು ಹೋಯಿತಪ್ಪಾ ಅಂದರೆ, ಡೆಸ್ಕ್‌ಟಾಪ್. ಲಾಗಿನ್ ಆದರೆ ಗೋಳಗುಮ್ಮಟದ ಚಿತ್ರ ಇಲ್ಲ, ಕನ್ನಡ ಕೀಲಿಮಣೆ ಇಲ್ಲ, ಬದಿಯ ಪಟ್ಟಿಯಲ್ಲಿ ಜೋಡಿಸಿಟ್ಟ ಐಕಾನ್ ಒಂದೂ ಇಲ್ಲ. ಹೊಸದಾಗಿ ತಂದ ಯಂತ್ರದ ಹಾಗೆ ಬೋಳು ಮುಖ. "ಪೆನ್‌ಡ್ರೈವ್ ಹಚ್ಚೀನಿ, ಉಬುಂಟು ಮತ್ತ ಹಾಕಿಬಿಡ್ತೀನಿ" ಅಂತಲೂ ಅಂದೆ. ಅಂದರೆ ನೀನು ಫೋನ್ ಮಾಡಿದ್ದು ಕೇಳೋದಕ್ಕಲ್ಲ, ಸುದ್ದಿ ಮುಟ್ಟಿಸೋದಕ್ಕೆ.

ಖೋಡಿ, ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳುತ್ತಾರೇನು?

ನಿನ್ನ ಬೆರಳಿಗೆ ಇರೋ ಚುರುಕು ನನ್ನ ಬೆರಳಿಗೆ ಯಾವತ್ತೂ ಇರಲಿಲ್ಲ, ಒಪ್ಪುತ್ತೇನೆ. ನಾನು ಮೌಸ್ ಹಿಡಿದದ್ದೇ ಕೂದಲು ಹಣ್ಣಾದ ಮೇಲೆ. ಡಿಎಸ್‌ಇಆರ್‌ಟಿಯವರೂ ಐಟಿ ಫಾರ್ ಚೇಂಜ್‌ನವರೂ ಸೇರಿ ವಿಷಯ ಶಿಕ್ಷಕರ ವೇದಿಕೆ ಅಂತ ತರಬೇತಿ ಶುರು ಮಾಡಿದಾಗ ನಮ್ಮಂಥ ಹೈಸ್ಕೂಲ್ ಮಾಸ್ತರರನ್ನು ಉಬುಂಟು ಮುಂದೆ ಕೂರಿಸಿದರು. ಅಂದಿನಿಂದ ಸಿಂದಗಿಯ ನಮ್ಮ ಮನೆಗೆ ಇಂಥ ಫೋನ್ ಬರುತ್ತಲೇ ಇವೆ. ಹೆಚ್ಚಿನವರ ಕತೆಯಲ್ಲಿ ಏನೂ ಕಳೆದಿರುವುದಿಲ್ಲ. ಇದ್ದದ್ದು ಇದ್ದಲ್ಲೇ ಇರುತ್ತದೆ, ಕಾಣೋದಿಲ್ಲ ಅಷ್ಟೆ.

ನಿಮ್ಮ ಮುತ್ತಜ್ಜನ ಮನೆ ಮುಂದೆ ಒಂದು ಹಗೇವು ಇತ್ತು. ನೆಲದೊಳಗಿನ ಕಾಳಿನ ಗುಂಡಿ. ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಎಳೆದರೆ ಹೊಸಬರಿಗೆ ಅಲ್ಲೊಂದು ಗುಂಡಿ ಇದೆ ಅಂತ ಗೊತ್ತಾಗುತ್ತಿರಲಿಲ್ಲ. ಲಿನಕ್ಸಿನಲ್ಲಿ ನಿನ್ನ ಸೆಟ್ಟಿಂಗ್‌ಗಳು ಇರೋದೂ ಹಾಗೆಯೇ, ನಿನ್ನ ಹೋಮ್ ಫೋಲ್ಡರ್‌ನಲ್ಲೇ, ಚುಕ್ಕಿಯಿಂದ ಶುರುವಾಗೋ ಹೆಸರಿನ ಒಳಗೆ. ಚುಕ್ಕಿ ಇದ್ದರೆ ಪಟ್ಟಿಯಲ್ಲಿ ತೋರಿಸಬೇಡ ಅನ್ನೋದು ಯುನಿಕ್ಸಿನ ಹಳೆಯ ರೂಢಿ. ಅದನ್ನು ಯಾರೂ ಯೋಚಿಸಿ ಮಾಡಿದ್ದಲ್ಲ, ಪ್ರೋಗ್ರಾಮ್ ಬರೆಯುವಾಗ ಹಿಡಿದ ಒಂದು ಅಡ್ಡದಾರಿಯಿಂದ ಹುಟ್ಟಿಕೊಂಡಿತು ಅಂತ ಬೆಲ್ ಲ್ಯಾಬ್ಸ್‌ನಲ್ಲಿದ್ದ ರಾಬ್ ಪೈಕ್ ಹೇಳಿದ್ದಾರೆ. ದೊಡ್ಡವರ ಅವಸರವೂ ಐವತ್ತು ವರ್ಷ ಬಾಳುತ್ತದೆ ನೋಡು! ಫೈಲ್ಸ್ ತೆರೆದು ಕಂಟ್ರೋಲ್ ಎಚ್ ಒತ್ತು, ಮಣ್ಣು ಸರಿಯುತ್ತದೆ. ಡಾಟ್ ಕಾನ್ಫಿಗ್, ಅದರೊಳಗೆ ಡಿಕಾನ್ಫ್, ಅದರೊಳಗೆ ಯೂಸರ್ ಅನ್ನೋ ಒಂದೇ ಒಂದು ಫೈಲು. ಗ್ನೋಮ್ ಡೆಸ್ಕ್‌ಟಾಪ್ ಆಗಿದ್ದರೆ ನಿನ್ನ ಗುಮ್ಮಟವೂ ಕೀಲಿಮಣೆಯೂ ಅದರಲ್ಲೇ. ಅದಕ್ಕೇ ಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ. ಎಕ್ಸ್‌ಎಫ್‌ಸಿಇ ಇದ್ದವರಿಗೆ ಒಂದೊಂದು ಭಾಗಕ್ಕೆ ಒಂದೊಂದು ಸಣ್ಣ ಫೈಲು.

ಹಗೇವು ತೆಗೆದವರು ಕೂಡಲೇ ಒಳಗೆ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿಗೆ ಆಳು ಸತ್ತುಹೋಗುತ್ತಾನೆ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರದಿದ್ದರೆ ಮಾತ್ರ ಮನುಷ್ಯ.

ನೀನು ಬಿಡಬೇಕಿದ್ದ ಮೊದಲ ದೀಪ ಒಂದು ಪ್ರಶ್ನೆ: ಮಧ್ಯಾಹ್ನ ನಾನು ಏನು ಮಾಡಿದೆ? ನಿನ್ನನ್ನು ಕೇಳಿದರೆ "ಏನೂ ಮಾಡಿಲ್ಲಜ್ಜಾ" ಅಂದೆ. ಎಲ್ಲರೂ ಹಾಗೇ ಅನ್ನುತ್ತಾರೆ. ನಲವತ್ತು ವರ್ಷ ಹುಡುಗರ ಬಾಯಲ್ಲಿ ಕೇಳಿದ ಮಾತು ಅದು, ಅಂಗಿ ತುಂಬ ಮಸಿ ಇರುವಾಗಲೂ. ಕೊನೆಗೆ ಬಾಯಿಬಿಟ್ಟೆ: ಯಾವುದೋ ಸಿಸ್ಟಮ್ ಫೈಲು ತಿದ್ದೋದಕ್ಕೆ 'ಸುಡೋ ಜಿಎಡಿಟ್' ಅಂತ ಹೊಡೆದಿದ್ದೆ.

ಅಲ್ಲೇ ಇತ್ತು ರೋಗ. ನಿನ್ನದು 18.04ರ ಉಬುಂಟು. 19.10 ಬರುವ ತನಕ ಉಬುಂಟುವಿನಲ್ಲಿ ಸುಡೋ ಹಾಕಿದರೂ ಹೋಮ್ ಫೋಲ್ಡರ್ ನಿನ್ನದೇ ಉಳಿಯುತ್ತಿತ್ತು. ಸುಡೋ ಅಂದರೆ ಯಂತ್ರದ ಗೌಡನಾದ ರೂಟ್‌ನ ಅಧಿಕಾರದಲ್ಲಿ ಆಜ್ಞೆ ನಡೆಸೋದು. ಹಾಗಾಗಿ ಆ ಗೌಡನನ್ನು ಕರೆದು ನಿನ್ನ ಮನೆಯೊಳಗೇ ಕೂರಿಸಿದ ಹಾಗೆ. ಅವನು ಬರೆದ ಫೈಲಿಗೆ ಅವನದೇ ಹೆಸರು. ಅವನು ಎದ್ದುಹೋದ ಮೇಲೆ ನಿನ್ನ ಸೆಟ್ಟಿಂಗ್ ಫೈಲಿಗೆ ರೂಟ್ ಯಜಮಾನ, ನೀನು ಹೊರಗಿನವ. ಡೆಸ್ಕ್‌ಟಾಪ್ ಪಾಪ ಏನು ಮಾಡೀತು? ಓದೋಕೆ ಆಗದಿದ್ದರೆ ಕಂಪನಿ ಕೊಟ್ಟ ಬೋಳು ಮುಖ ತೋರಿಸುತ್ತದೆ. ಎಲ್, ಎಸ್, ಜಾಗ ಬಿಟ್ಟು ಅಡ್ಡಗೆರೆ, ಎಲ್, ಎ ಅಂತ ಒಂದೊಂದೇ ಅಕ್ಷರ ಹೇಳಿ ಹೊಡೆಸಿದೆನಲ್ಲ, ಆಗ ಸಾಲಿನ ನಡುವೆ 'ರೂಟ್' ಕಂಡಿತು. ಚೋನ್ ಆಜ್ಞೆ ಕೊಟ್ಟು ಡಾಟ್ ಕಾನ್ಫಿಗ್ ಅನ್ನು ಮತ್ತೆ ನಿನ್ನ ಹೆಸರಿಗೆ ಮಾಡಿಸಿ, ಲಾಗೌಟ್ ಆಗಿ ಬಂದರೆ ಗುಮ್ಮಟ ಎದ್ದು ನಿಂತಿತ್ತು. ಒಂದು ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ನೀನೋ, ಇಡೀ ಡಿಸ್ಕ್ ಅಳಿಸೋಕೆ ಹೊರಟಿದ್ದೆ.

ಎಲ್ಲ ಸಲವೂ ಸುಡೋ ಕಳ್ಳ ಅಂತ ಹಿಡಿಯಬೇಡ. ಮುದ್ದೇಬಿಹಾಳದ ಒಬ್ಬ ಹುಡುಗನಿಗೆ ಏನು ಬದಲಿಸಿದರೂ ಮರುದಿನ ಉಳಿಯುತ್ತಿರಲಿಲ್ಲ. ಡಿಎಫ್ ಅಡ್ಡಗೆರೆ ಎಚ್ ಹೊಡೆಸಿದೆ, ಡಿಸ್ಕು ನೂರಕ್ಕೆ ನೂರು ತುಂಬಿತ್ತು. ಅಕ್ಕನ ಮದುವೆ ವಿಡಿಯೊ ಅಳಿಸೀನಿ ಅಂದ. ಅಳಿಸಿದ್ದ ನಿಜ, ಕಸದ ಬುಟ್ಟಿ ಖಾಲಿ ಮಾಡಿರಲಿಲ್ಲ. ಬುಟ್ಟಿ ಇರೋದೂ ಅದೇ ಹೋಮ್ ಫೋಲ್ಡರ್‌ನಲ್ಲಿ, ಚುಕ್ಕಿಯ ಹಿಂದೆ. ಕಣಜ ತುಂಬಿದ ಮೇಲೆ ಹೊಸ ಕಾಳು ಎಲ್ಲಿ ಸುರೀತಿ? ಬಸವನ ಬಾಗೇವಾಡಿಯ ಹುಡುಗಿಯ ಕತೆ ಇನ್ನೂ ಸಣ್ಣದು. ಹಳೆಯ 14.04ರಲ್ಲಿ ದಿನಾ ಗೆಸ್ಟ್ ಅಂತ ಒಳಗೆ ಹೋಗುತ್ತಿದ್ದಳು. ಅದು ಧರ್ಮಶಾಲೆ, ಎದ್ದುಹೋದ ಕೂಡಲೇ ಗುಡಿಸಿಬಿಡುತ್ತಾರೆ.

ಏನೂ ತಿಳಿಯದೇ ಹೋದರೆ ಹೊಸ ಯೂಸರ್ ಒಂದು ಮಾಡಿ ನೋಡು. ಅಲ್ಲಿ ಎಲ್ಲ ಸರಿಯಿದ್ದರೆ ಯಂತ್ರದ ತಪ್ಪಲ್ಲ, ನಿನ್ನ ಹಗೇವಿನ ತಪ್ಪು. ಆಗಲೂ ಅಳಿಸಬೇಡ. ಡಾಟ್ ಕಾನ್ಫಿಗ್ ಫೋಲ್ಡರ್‌ನ ಹೆಸರಿಗೆ 'ಹಳೇದು' ಅಂತ ಬಾಲ ಹಚ್ಚಿ ಬದಿಗಿಡು.

ಇದನ್ನು ಕಲಿತದ್ದು ಹೇಗೆ ಅಂತ ಕೇಳಿದರೆ ನಗಬೇಡ. ಶುರುವಿನ ದಿನಗಳಲ್ಲಿ ನನ್ನ ಪ್ಯಾನಲ್ ಒಂದು ಕೆಟ್ಟು ಕೂತಿತು. ಯಾರನ್ನೂ ಕೇಳದೆ ಶೂರನ ಹಾಗೆ ಡಾಟ್ ಕಾನ್ಫಿಗ್ ಪೂರ್ತಿ ಅಳಿಸಿಬಿಟ್ಟೆ. ಪ್ಯಾನಲ್ ಬಂತು. ಆದರೆ ಲಿಬ್ರೆ ಆಫೀಸ್ ಕೂಡ ತನ್ನ ಗಂಟು ಅಲ್ಲೇ ಇಡುತ್ತದೆ ಅಂತ ನನಗೇನು ಗೊತ್ತು? ಪ್ರಶ್ನೆಪತ್ರಿಕೆ ಬರೆಯುತ್ತ ಎರಡು ವರ್ಷ ಒಂದೊಂದಾಗಿ ನಿಘಂಟಿಗೆ ಸೇರಿಸಿದ್ದ ಕನ್ನಡ ಪದಗಳು, ನಮ್ಮ ಕಡೆಯ ಎಷ್ಟೋ ಹೊಲದ ಮಾತುಗಳು, ಎಲ್ಲ ಒಂದು ಎಂಟರ್‌ಗೆ ಹೋದವು. ನಿಮ್ಮಜ್ಜಿಗೆ ಇವತ್ತಿಗೂ ಹೇಳಿಲ್ಲ. ಹೇಳಿದರೆ "ಅವಸರ ನಿಮ್ಮ ವಂಶದಾಗ ಅದ" ಅಂತಾಳೆ, ಆಮೇಲೆ ನಿನಗೆ ಬೈಯೋಕೆ ನನಗೆ ಬಾಯಿ ಇರೋದಿಲ್ಲ.

ಈಗ ಎಲ್ಲ ಸರಿಯಿದೆಯಲ್ಲ, ಕೂತು ಒಂದು ಕೆಲಸ ಮಾಡು. ಟರ್ಮಿನಲ್‌ನಲ್ಲಿ ಡಿಕಾನ್ಫ್ ಡಂಪ್, ಜಾಗ, ಓರೆಗೆರೆ, ಜಾಗ, ಬಲಕ್ಕೆ ತಿರುಗಿದ ಬಾಣ, ಒಂದು ಫೈಲಿನ ಹೆಸರು. ನಿನ್ನ ಸೆಟ್ಟಿಂಗ್ ಎಲ್ಲ ಓದೋಕೆ ಬರುವ ಅಕ್ಷರದಲ್ಲಿ ಇಳಿಯುತ್ತದೆ. ಮತ್ತೆ ತುಂಬೋದಕ್ಕೆ ಡಂಪ್ ಬದಲು ಲೋಡ್, ಬಾಣ ಎಡಕ್ಕೆ. ಉಬುಂಟು ಹಾಕೋದಕ್ಕೆ ಅಂತ ಹಚ್ಚಿದ್ದೆಯಲ್ಲ, ಅದೇ ಪೆನ್‌ಡ್ರೈವ್ ಖಾಲಿ ಮಾಡಿ ಇದನ್ನು ಹಾಕಿಕೊಂಡು ಎಳ್ಳಮಾಸಿಗೆ ಊರಿಗೆ ಬಾ. ಚರಗ ಚೆಲ್ಲಿದ ಮೇಲೆ, ಊಟಕ್ಕೆ ಮುಂಚೆ ತೆಗೆದು ನೋಡುತ್ತೇನೆ. ಫೈಲು ಇರದಿದ್ದರೆ ನಿನ್ನ ಎಲೆಗೆ ಶೇಂಗಾ ಹೋಳಿಗೆ ಬೀಳೋದಿಲ್ಲ, ಅಜ್ಜಿಗೂ ಹೇಳಿಟ್ಟಿದ್ದೇನೆ.