ಹಳೆ ಓಮ್ನಿ ನಿಂತಲ್ಲೇ ಯಾಕೆ ನಡುಗುತ್ತದೆ?

ಚನ್ನಗಿರಿಯ ಅಡಿಕೆ ತೋಟದ ದಾರಿ. ಹೊನ್ನಾಳಿ, ನ್ಯಾಮತಿಯ ಗದ್ದೆ ಬದಿ. ಜಗಳೂರಿನ ಮೆಕ್ಕೆಜೋಳದ ಹೊಲ. ಈ ಎಲ್ಲ ಕಡೆ ನಾವು ಒಂದು ಗಾಡಿಯನ್ನು ಇಂದಿಗೂ ನೋಡುತ್ತೇವೆ. ಅದು ಮಾರುತಿ ಓಮ್ನಿ. ಈ ಗಾಡಿ 1984ರಲ್ಲಿ ಮಾರುತಿ ವ್ಯಾನ್ ಎಂದು ಬಂತು. 2019ರಲ್ಲಿ ಇದನ್ನು ತಯಾರಿಸುವುದು ನಿಂತಿತು. ಹೊಸದು ಸಿಗುವುದಿಲ್ಲ. ಇರುವುದೆಲ್ಲ ಹಳೆಯದೇ. ಆದರೂ ಸಂತೆಗೆ ಅದೇ ಬೇಕು, ಮದುವೆಗೆ ಅದೇ ಬೇಕು. ಬಸುರಿ ಹೆಣ್ಣುಮಗಳನ್ನು ರಾತ್ರಿ ಹೊತ್ತು ದಾವಣಗೆರೆಗೋ ಶಿವಮೊಗ್ಗಕ್ಕೋ ಕರೆದೊಯ್ಯಲು ಎಷ್ಟೋ ಮನೆಯಲ್ಲಿ ಅದೇ ಗತಿ.

ಇಂಥ ಗಾಡಿ ಒಂದು ದಿನ ನಿಂತಲ್ಲೇ ಗಡಗಡ ನಡುಗಲು ಶುರುಮಾಡುತ್ತದೆ. ಬಸ್ ಸ್ಟ್ಯಾಂಡ್ ಹತ್ತಿರ ನಿಲ್ಲಿಸಿದರೆ ಆಫ್ ಆಗುತ್ತದೆ. ಗ್ಯಾರೇಜಿನಲ್ಲಿ ಯಾರೋ ಒಬ್ಬರು "ಇಂಜಿನ್ ಹೋಯ್ತು, ಬಿಚ್ಚಬೇಕು" ಅನ್ನುತ್ತಾರೆ. ಮನೆಯಲ್ಲಿ ಕಿವಿಯ ಓಲೆ ಅಡವಿಡುವ ಮಾತು ಬರುತ್ತದೆ. ಇಲ್ಲವೇ ಸಂಘದ ಸಾಲದ ಮಾತು ಬರುತ್ತದೆ.

ಸ್ವಲ್ಪ ತಾಳಿ. ಓಲೆ ಬಿಚ್ಚುವ ಮೊದಲು ಗಾಡಿಯ ನಡುಕ ಏನು ಹೇಳುತ್ತದೆ ಎಂದು ಕೇಳೋಣ.

ಮೂರು ಒನಕೆ

ಗಾಡಿ ನಿಂತಿದೆ. ಎಕ್ಸಲೇಟರನ್ನು ಯಾರೂ ತುಳಿದಿಲ್ಲ. ಇಂಜಿನ್ ಮಾತ್ರ ಓಡುತ್ತಿದೆ. ಇದಕ್ಕೆ ಗ್ಯಾರೇಜಿನವರು ಐಡ್ಲಿಂಗ್ ಅನ್ನುತ್ತಾರೆ. ಕೆಲವರು ಸ್ಲೋ ಅನ್ನುತ್ತಾರೆ. ಆಗ ಇಂಜಿನ್ ನಿಮಿಷಕ್ಕೆ ಸುಮಾರು 800, 900 ಸುತ್ತು ತಿರುಗುತ್ತದೆ. ಸದ್ದು ಒಂದೇ ಸಮ ಇರಬೇಕು.

ಓಮ್ನಿಯ ಇಂಜಿನ್ನಿನಲ್ಲಿ ಮೂರು ಸಿಲಿಂಡರ್ ಇವೆ. ಮಾರುತಿ 800 ಕಾರಿನಲ್ಲೂ ಮೂರೇ. ನಾವು ಮೂವರು ಹೆಂಗಸರು ಒಂದೇ ಒರಳಿನಲ್ಲಿ ಭತ್ತ ಕುಟ್ಟುವುದನ್ನು ನೆನೆಯಿರಿ. ಒಬ್ಬರ ಒನಕೆ ಬಿದ್ದ ಮೇಲೆ ಇನ್ನೊಬ್ಬರದು ಬೀಳುತ್ತದೆ. ಲಯ ತಪ್ಪುವುದಿಲ್ಲ. ಮೂವರಲ್ಲಿ ಒಬ್ಬಳು ಕೈ ಬಿಟ್ಟರೆ? ಕೇಳಿದವರಿಗೆ ಕೂಡಲೇ ಗೊತ್ತಾಗುತ್ತದೆ. ಇಂಜಿನ್ನೂ ಹಾಗೆಯೇ. ಒಂದು ಸಿಲಿಂಡರ್ ಕೆಲಸ ಬಿಟ್ಟರೆ ಗಾಡಿ ಕುಂಟುತ್ತದೆ. ಇದಕ್ಕೇ "ಮಿಸ್ ಹೊಡೆಯುತ್ತೆ" ಅನ್ನುವುದು.

ಸಿಲಿಂಡರ್ ಕೆಲಸ ಮಾಡಲು ಏನು ಬೇಕು? ನಮ್ಮ ಒಲೆಗೆ ಬೇಕಾದದ್ದೇ. ಒಲೆಗೆ ಸೌದೆ ಬೇಕು, ಗಾಳಿ ಬೇಕು, ಬೆಂಕಿ ಬೇಕು. ಇಂಜಿನ್ನಿಗೆ ಪೆಟ್ರೋಲ್ ಬೇಕು, ಗಾಳಿ ಬೇಕು, ಪ್ಲಗ್ಗಿನ ಕಿಡಿ ಬೇಕು. ಜೊತೆಗೆ ಇನ್ನೊಂದು ಬೇಕು. ಒಳಗೆ ಗಾಳಿಯನ್ನು ಒತ್ತಿ ಹಿಡಿಯುವ ಶಕ್ತಿ. ಇದಕ್ಕೆ ಕಂಪ್ರೆಷನ್ ಅನ್ನುತ್ತಾರೆ. ಮೊದಲ ಮೂರು ಕೆಟ್ಟರೆ ಖರ್ಚು ಸಾಮಾನ್ಯವಾಗಿ ಕಡಿಮೆ. ಕಂಪ್ರೆಷನ್ ಕೆಟ್ಟರೆ ಖರ್ಚು ಹೆಚ್ಚು. ಆದ್ದರಿಂದ ಮೊದಲು ಸಣ್ಣದನ್ನು ನೋಡಬೇಕು. ದೊಡ್ಡದನ್ನು ಕೊನೆಗೆ ನೋಡಬೇಕು. ಎಷ್ಟೋ ಕಡೆ ಇದು ತಲೆಕೆಳಗಾಗುತ್ತದೆ!

ನಾವೇ ನೋಡಬಹುದಾದದ್ದು

ಮೊದಲು ಒಂದು ಎಚ್ಚರಿಕೆ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬಾರದು. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಇದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಉಸಿರಾಡಿದವರು ಕೂತಲ್ಲೇ ಸಾಯಬಹುದು. ಓಮ್ನಿಯ ಇಂಜಿನ್ ಮುಂದಿನ ಸೀಟಿನ ಕೆಳಗಿದೆ. ಸೀಟು ಎತ್ತಿ ನೋಡುವಾಗ ಸೆರಗು ಸಿಕ್ಕಿಸಿಕೊಳ್ಳಿ, ಜಡೆ ಕಟ್ಟಿಕೊಳ್ಳಿ. ತಿರುಗುವ ಬೆಲ್ಟು ಎರಡನ್ನೂ ಎಳೆಯುತ್ತದೆ. ಪೆಟ್ರೋಲ್ ವಾಸನೆ ಬಂದರೆ ಇಂಜಿನ್ ಆಫ್ ಮಾಡಿ ದೂರ ಸರಿಯಿರಿ. ಬೀಡಿ, ಬೆಂಕಿಕಡ್ಡಿ ಹತ್ತಿರ ಬರಬಾರದು.

ಈಗ ಕಿವಿಗೊಡೋಣ. ನಡುಕ ಯಾವಾಗ ಬರುತ್ತದೆ? ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ನಿಂತಾಗ ಮಾತ್ರವೋ, ಓಡುವಾಗಲೂ ಇದೆಯೋ? ಹೆಡ್‌ಲೈಟ್ ಹಾಕಿದರೆ ಹೆಚ್ಚಾಗುತ್ತದೆಯೋ? ಮಳೆ ಬಂದ ಮಾರನೆಯ ದಿನ ಮಾತ್ರವೋ? ಈ ಉತ್ತರ ಗ್ಯಾರೇಜಿನ ಅರ್ಧ ಕೆಲಸ ಉಳಿಸುತ್ತದೆ. ಗಾಡಿಯಲ್ಲಿ ದಿನಾ ಕೂರುವವರಿಗೆ ಇದು ಗೊತ್ತಿರುತ್ತದೆ, ಮೆಕ್ಯಾನಿಕ್ಕಿಗೆ ಗೊತ್ತಿರುವುದಿಲ್ಲ.

ಗಾಡಿ ನಡುಗುತ್ತದೆ, ಆದರೆ ಸದ್ದು ಒಂದೇ ಸಮ ಇದೆ. ಹಾಗಿದ್ದರೆ ಇಂಜಿನ್ ಕೆಟ್ಟಿಲ್ಲದಿರಬಹುದು. ಇಂಜಿನ್ ಕೂತಿರುವ ರಬ್ಬರ್ ಮೌಂಟಿಂಗ್ ಹರಿದಿರಬಹುದು. ಗೋಣಿಯ ಮೇಲಿಟ್ಟ ಬೀಸುಕಲ್ಲಿಗೂ ಬರಿ ನೆಲದ ಮೇಲಿಟ್ಟ ಬೀಸುಕಲ್ಲಿಗೂ ಇರುವ ವ್ಯತ್ಯಾಸ ಇದು. ಮೌಂಟಿಂಗ್ ಬದಲಿಸಿದರೆ ಮುಗಿಯಿತು.

ನಿಂತಾಗ ನಡುಕ, ಓಡುವಾಗ ಇಲ್ಲ. ಆಗ ಗಾಳಿ ಮತ್ತು ಪೆಟ್ರೋಲಿನ ದಾರಿ ನೋಡಬೇಕು. ಜಗಳೂರು ಕಡೆ ಮಳೆ ಕಡಿಮೆ, ದೂಳು ಹೆಚ್ಚು. ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಅದನ್ನು ಬಿಚ್ಚಿ ಬಿಸಿಲಿಗೆ ಹಿಡಿಯಿರಿ. ಬೆಳಕು ಕಾಣದಿದ್ದರೆ ಬದಲಿಸಿ. ಆಮೇಲೆ ಸಣ್ಣ ಸಣ್ಣ ರಬ್ಬರ್ ಪೈಪುಗಳನ್ನು ನೋಡಿ. ಹಳೆಯ ಪೈಪು ಬಿರುಕು ಬಿಟ್ಟರೆ ಕಳ್ಳಗಾಳಿ ಒಳಗೆ ಹೋಗುತ್ತದೆ. ಕುಕ್ಕರಿನಂತೆ "ಸುಯ್" ಎಂಬ ಸದ್ದು ಕೇಳಬಹುದು.

ಪೆಟ್ರೋಲ್ ಬಗ್ಗೆ ಒಂದು ಮಾತು. 2025ರಿಂದ ಬಹಳಷ್ಟು ಬಂಕುಗಳಲ್ಲಿ ಬರುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಇದೆ. ಎಥೆನಾಲನ್ನು ಕಬ್ಬಿನಿಂದ ಮಾಡುತ್ತಾರೆ, ಮೆಕ್ಕೆಜೋಳದಿಂದಲೂ ಮಾಡುತ್ತಾರೆ. ನಮ್ಮ ಹೊಲದ ಬೆಳೆಯೇ ಗಾಡಿಯ ಹೊಟ್ಟೆಗೆ ಹೋಗುತ್ತದೆ ಅನ್ನಿ. ಆದರೆ ಹಳೆಯ ಗಾಡಿಯ ರಬ್ಬರ್ ಇದಕ್ಕಾಗಿ ಮಾಡಿದ್ದಲ್ಲ. ಅದು ಬೇಗ ಸವೆಯಬಹುದು. ಎಥೆನಾಲ್ ಗಾಳಿಯಲ್ಲಿನ ನೀರನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿಡಬೇಡಿ. ಪೆಟ್ರೋಲ್ ಪೈಪನ್ನು ಆಗಾಗ ನೋಡಿಸಿ.

ಎಲ್ಲ ವೇಗದಲ್ಲೂ ಮಿಸ್ ಹೊಡೆದರೆ ಕಿಡಿಯ ಕಡೆ ನೋಡಬೇಕು. ಮಳೆಗಾಲದಲ್ಲಿ, ಚಳಿಯ ಮಂಜಿನಲ್ಲಿ ಮಾತ್ರ ಹೀಗಾದರೆ ಹಳೆಯ ಗಾಡಿಯ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ತೇವ ಕೂತಿರಬಹುದು. ಇಂಜಿನ್ ಆಫ್ ಮಾಡಿ ಒಣಬಟ್ಟೆಯಿಂದ ಒರೆಸಿದರೆ ಸಾಕಾಗಬಹುದು. ಪ್ಲಗ್ಗಿನ ವೈರ್ ಬಿರುಕು ಬಿಟ್ಟಿದ್ದರೆ ಕತ್ತಲಲ್ಲಿ ನೀಲಿ ಕಿಡಿ ಹಾರುವುದು ಕಾಣುತ್ತದೆ. ದೂರದಿಂದ ನೋಡಿ, ಮುಟ್ಟಬೇಡಿ. ಜೋರಾಗಿ ಶಾಕ್ ಹೊಡೆಯುತ್ತದೆ.

ಪ್ಲಗ್ ನೋಡುವುದು ನಾಲಿಗೆ ನೋಡಿ ರೋಗ ಹೇಳಿದಂತೆ. ಮೆಕ್ಯಾನಿಕ್ ಬಿಚ್ಚಿದಾಗ ಮೂರೂ ಪ್ಲಗ್ಗುಗಳನ್ನು ಸಾಲಾಗಿ ಇಡಲು ಹೇಳಿ. ತುದಿ ಹಾಲು ಕಾಫಿಯ ಬಣ್ಣ ಇದ್ದರೆ ಒಳ್ಳೆಯದು. ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಸುಣ್ಣದಂತೆ ಬಿಳಿಚಿದ್ದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಜಿಡ್ಡು ಎಣ್ಣೆ ಇದ್ದರೆ ಇಂಜಿನ್ ಆಯಿಲ್ ಒಳಗೆ ಬರುತ್ತಿದೆ. ಮೂರರಲ್ಲಿ ಒಂದೇ ಬೇರೆ ಇದ್ದರೆ ದೋಷ ಆ ಒಂದು ಸಿಲಿಂಡರಿನಲ್ಲಿ ಇದೆ.

ಸೈಲೆನ್ಸರ್ ಹೊಗೆಯೂ ಮಾತಾಡುತ್ತದೆ. ಕಪ್ಪು ಹೊಗೆ ಎಂದರೆ ಪೆಟ್ರೋಲ್ ಪೋಲು. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಬೆಳಿಗ್ಗೆ ಸ್ವಲ್ಪ ಬಿಳಿ ಆವಿ ಬಂದರೆ ಚಿಂತೆ ಇಲ್ಲ. ಇಡೀ ದಿನ ಬಂದು ರೇಡಿಯೇಟರಿನ ನೀರೂ ಇಳಿದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ.

ಗ್ಯಾಸ್ ಕಿಟ್ ಇರುವ ಗಾಡಿಯಾದರೆ ಒಂದು ಸುಲಭ ಪರೀಕ್ಷೆ ಇದೆ. ಪೆಟ್ರೋಲಿಗೆ ತಿರುಗಿಸಿ ಓಡಿಸಿ. ಆಗ ನಡುಕ ನಿಂತರೆ ದೋಷ ಕಿಟ್ಟಿನದು. ಅಡುಗೆ ಸಿಲಿಂಡರಿನ ಗ್ಯಾಸನ್ನು ಗಾಡಿಗೆ ತುಂಬುವವರು ಇದ್ದಾರೆ. ಇದು ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ. ಮನೆಯ ಸಿಲಿಂಡರನ್ನು ಯಾರಿಗೂ ಕೊಡಬೇಡಿ. ಗಂಡ ಕೇಳಿದರೂ ಅಷ್ಟೇ.

ಗ್ಯಾರೇಜಿನಲ್ಲಿ

ಮಾತು ಹೀಗಿರಲಿ.

"ಅಣ್ಣಾ, ಗಾಡಿ ನಿಂತಾಗ ನಡುಗ್ತೈತಿ. ಓಡುವಾಗ ಸರಿ ಐತಿ. ಬೆಳಿಗ್ಗೆ ಜಾಸ್ತಿ."

"ಸ್ಲೋ ಸ್ವಲ್ಪ ಏರಿಸಿ ಕೊಡ್ತೀನಿ ಬಿಡಕ್ಕಾ, ಸರಿ ಹೋಗುತ್ತೆ."

"ಏರಿಸೋದು ಆಮೇಲೆ. ಮೊದ್ಲು ಯಾಕೆ ನಡುಗ್ತೈತಿ ಅಂತ ನೋಡ್ರಿ. ಫಿಲ್ಟರ್, ಪೈಪು, ಪ್ಲಗ್ ನೋಡಿ ನನಗೆ ತೋರಿಸ್ರಿ."

ಹೀಗೆ ಯಾಕೆ ಕೇಳಬೇಕು? ಹಳೆಯ ಗಾಡಿಯ ಕಾರ್ಬೊರೇಟರಿನಲ್ಲಿ ಒಂದು ಸಣ್ಣ ಸ್ಕ್ರೂ ಇದೆ. ಅದನ್ನು ತಿರುಗಿಸಿದರೆ ಇಂಜಿನ್ ಜೋರಾಗಿ ಓಡುತ್ತದೆ. ನಡುಕ ಮುಚ್ಚಿಹೋಗುತ್ತದೆ. ರೋಗ ಹಾಗೇ ಉಳಿಯುತ್ತದೆ. ಪೆಟ್ರೋಲ್ ಮಾತ್ರ ಹೆಚ್ಚು ಕುಡಿಯುತ್ತದೆ. ಜ್ವರಕ್ಕೆ ಗುಳಿಗೆ ನುಂಗಿ ಹೊಲಕ್ಕೆ ಹೋದಂತೆ. ಎಲ್ಲ ಸರಿ ಮಾಡಿದ ಮೇಲೆ ಕೊನೆಗೆ ಆ ಸ್ಕ್ರೂ ಮುಟ್ಟಬೇಕು. ಇತ್ತೀಚಿನ ಓಮ್ನಿಗಳಲ್ಲಿ ಕಾರ್ಬೊರೇಟರ್ ಇಲ್ಲ, ಇಂಜೆಕ್ಷನ್ ಇದೆ. ಅದರಲ್ಲಿ ಇಂಜಿನ್ ದೀಪ ಹತ್ತಿದರೆ ಸ್ಕ್ಯಾನರ್ ಇರುವ ಕಡೆ ತೋರಿಸಬೇಕು. ಗಾಳಿ ಹೋಗುವ ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿದ್ದರೆ ತೊಳೆಸಬೇಕು.

ಪ್ಲಗ್ಗುಗಳಿಗೆ ಕೆಲವು ನೂರು ರೂಪಾಯಿ ಸಾಕು. ಇಂಜಿನ್ ಬಿಚ್ಚಿದರೆ ಹತ್ತು ಸಾವಿರ ದಾಟುತ್ತದೆ. ಆದ್ದರಿಂದ "ಬಿಚ್ಚಬೇಕು" ಅಂದಾಗ "ಕಂಪ್ರೆಷನ್ ಚೆಕ್ ಮಾಡಿದ್ರಾ ಅಣ್ಣಾ?" ಎಂದು ಕೇಳಿ. ಪ್ಲಗ್ ತೆಗೆದ ಜಾಗಕ್ಕೆ ಗೇಜ್ ಹಾಕಿ ಇದನ್ನು ನೋಡುತ್ತಾರೆ. ಮೂರು ಸಿಲಿಂಡರಿಗೂ ಮೂರು ಅಂಕಿ ಬರುತ್ತವೆ. ಅಂಕಿ ಓದಲು ನಮಗೆ ಈಗ ಬರುತ್ತದಲ್ಲ, ನಾವೇ ಓದೋಣ. ಮೂರೂ ಹತ್ತಿರ ಹತ್ತಿರ ಇದ್ದು ಕಡಿಮೆಯೂ ಇಲ್ಲದಿದ್ದರೆ ಇಂಜಿನ್ ಬಿಚ್ಚಲು ಅವಸರ ಬೇಡ. ಒಂದು ಬಹಳ ಕಡಿಮೆ ಇದ್ದರೆ ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡುತ್ತಾರೆ. ಅಂಕಿ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆ ಅನುಮಾನ. ವಾಲ್ವ್ ಆದರೆ ಮೊದಲು ಟ್ಯಾಪೆಟ್ ಸೆಟ್ಟಿಂಗ್ ನೋಡಿಸಿ. ಬರಿ ಸೆಟ್ಟಿಂಗಿನಲ್ಲೇ ಸರಿ ಹೋಗುವುದೂ ಉಂಟು.

ಒಂದೊಂದು ಸಲ ಇಂಜಿನ್ ನಿಜವಾಗಿ ಸವೆದಿರುತ್ತದೆ. ಆಗ ದುಡ್ಡು ಹಾಕಬೇಕೇ ಎಂದು ಮನೆಯವರೆಲ್ಲ ಕೂತು ಯೋಚಿಸಬೇಕು. ಸ್ವಂತ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಆರ್‌ಸಿಯ ತಾರೀಖು ನೋಡದೆ ಇಂಜಿನ್ನಿಗೆ ಸಾಲ ಮಾಡುವುದು ನಮಗಂತೂ ಸರಿ ಕಾಣುವುದಿಲ್ಲ. ಎಮಿಷನ್ ಟೆಸ್ಟನ್ನೂ ಮರೆಯಬೇಡಿ. ಮಿಸ್ ಹೊಡೆಯುವ ಗಾಡಿ ಅದರಲ್ಲಿ ಫೇಲ್ ಆಗಬಹುದು.

ಗಾಡಿಯ ಪುಸ್ತಕ

ಮೀಟರಿನ ಅಂಕಿ ಓದಿ. ಕೆಲವು ಹಳೆಯ ಮೀಟರಿನಲ್ಲಿ ಐದು ಅಂಕಿ ಮಾತ್ರ ಇರುತ್ತವೆ. 99,999 ಆದ ಮೇಲೆ ಮತ್ತೆ ಸೊನ್ನೆಯಿಂದ ಶುರು. 23,000 ಎಂದು ತೋರಿಸುವ ಗಾಡಿ 1,23,000 ಕಿಲೋಮೀಟರ್ ಓಡಿರಬಹುದು. ಹಳೆ ಗಾಡಿ ಕೊಳ್ಳುವಾಗ ಇದನ್ನು ಕೇಳಿ.

ರಿಪೇರಿ ಆದ ಮೇಲೆ ತೆಗೆದ ಹಳೆ ಸಾಮಾನು ಕೇಳಿ ಪಡೆಯಿರಿ. ಬಿಲ್ ತೆಗೆದುಕೊಳ್ಳಿ. ಗಾಡಿ ಬಿಸಿ ಇರುವಾಗ ಗ್ಯಾರೇಜಿನಲ್ಲಿ ಎಲ್ಲ ಚೆನ್ನಾಗಿಯೇ ಕೇಳಿಸುತ್ತದೆ. ಮಾರನೆಯ ಬೆಳಿಗ್ಗೆ ತಣ್ಣಗಿದ್ದಾಗ ಮನೆಯಲ್ಲಿ ಚಾಲು ಮಾಡಿ ಕೇಳಿ. ಒಂದು ನೋಟ್ ಪುಸ್ತಕ ಗಾಡಿಯಲ್ಲೇ ಇರಲಿ. ಅದರಲ್ಲಿ ಹೀಗೆ ಬರೆಯಿರಿ:

ತಾರೀಖು. ಮೀಟರ್ ಎಷ್ಟು.
ಏನು ತೊಂದರೆ: ನಿಂತಾಗ ನಡುಕ, ಬೆಳಿಗ್ಗೆ ಜಾಸ್ತಿ.
ಏನು ನೋಡಿದರು: ಫಿಲ್ಟರ್, ಪೈಪು, ಮೂರು ಪ್ಲಗ್.
ಏನು ಬದಲಿಸಿದರು. ಎಷ್ಟು ರೂಪಾಯಿ.
ಮಾರನೆಯ ಬೆಳಿಗ್ಗೆ ಸದ್ದು ಹೇಗಿತ್ತು.